ಸರ್ಕಾರದ ಮಡಿಲಿನಿಂದ ಕಾಣೆಯಾದವರು

ಮನೆಯ ಮಗು ಕಾಣೆಯಾದರೆ ತಾಯಿಯಾದವಳು ಠಾಣೆಯ ಮೆಟ್ಟಿಲೇರುತ್ತಾಳೆ. ಪೇದೆ ಗದರಿದರೂ, ‘ನಾಳೆ ಬಾರಮ್ಮ’ ಎಂದು ಅಟ್ಟಿದರೂ, ಮರುದಿನ ಮತ್ತೆ ಅಲ್ಲಿಯೇ ನಿಂತಿರುತ್ತಾಳೆ. ಮಗು ಕಾಣೆಯಾದ ದೂರು ಬಂದೊಡನೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆಯೆಂದೇ ಭಾವಿಸಿ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಬಚಪನ್ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ, ಆಜ್ಞಾಪಿಸಿರುವುದು ನಿಜವಾದರೂ, ಆ ಆಜ್ಞೆಗೆ ಚೈತನ್ಯ ಬರುವುದು ಬಹುಮಟ್ಟಿಗೆ ಈ ತಾಯಿಯ ಹಟದಿಂದಲೇ. ಮಗು ಕಾಣೆಯಾದದ್ದು ಸರ್ಕಾರದ ಬಾಲಮಂದಿರದಿಂದಲೇ ಆದರೆ, ಎರಡನೆಯ ದಿನ ಠಾಣೆಗೆ ಹೋಗುವವರಾರು?

ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಹುಡುಗನನ್ನು ಕಂಡ ಪುಣ್ಯಾತ್ಮರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ಸಮಿತಿಯು ಅವನನ್ನು ಬಾಲಮಂದಿರಕ್ಕೆ ಒಪ್ಪಿಸಿದ ಕ್ಷಣದಿಂದ ಅವನ ಪಾಲನೆಯ ಹೊಣೆ ಸರ್ಕಾರದ್ದು. ಅಂಥವನು ಒಂದು ರಾತ್ರಿ ಕಾಂಪೌಂಡ್ ಹಾರಿದನೆನ್ನಿ. ವಿಚಾರಣೆಯ ಭಯವಿರುವ ಅಧೀಕ್ಷಕರು ಬೆಳಗಾಗುವವರೆಗೆ ಕಾಯುವ, ‘ಹಸಿವಾದರೆ ತಾನೇ ಬರುತ್ತಾನೆ’ ಎಂದುಕೊಳ್ಳುವ ಸಂಭವವುಂಟು (ಅವರೆಲ್ಲರೂ ಕಲ್ಲೆದೆಯವರೆಂದು ನಾನು ಹೇಳೆನು). ಬಳಿಕ ಠಾಣೆಗೊಂದು ಪತ್ರ, ಸಮಿತಿಗೊಂದು ಪ್ರತಿ, ದಾಖಲಾದ ದಿನ ತೆಗೆದ ಹಳೆಯ ಭಾವಚಿತ್ರ, ಅದರ ಕೆಳಗೆ ಚಹರೆ: ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ನಾಡಿನ ಅರ್ಧದಷ್ಟು ಬಾಲಕರಿಗೆ ಒಪ್ಪುವ ಈ ವರ್ಣನೆಯಿಂದ ಯಾರು ಯಾರನ್ನು ಗುರುತಿಸಬೇಕು? ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ಪ್ರಕರಣವು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ವರ್ಗವಾಗತಕ್ಕದ್ದೆಂಬ ನಿಯಮವೇನೋ ಇದೆ. ಆದರೆ ಕೇಳುವವರಿಲ್ಲದ ಬಾಲಕನೊಬ್ಬನನ್ನು ದೂರದ ಯಾವುದೋ ಕಾರ್ಖಾನೆಗೆ ಸಾಗಿಸಲು ನಾಲ್ಕು ದಿನಗಳೇ ಯಥೇಷ್ಟ.

ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ, ತಿಂಗಳಿಗೆ ಕನಿಷ್ಠ 20 ದಿನ ಸೇರಲೇಬೇಕೆಂದು 2015ರ ಬಾಲನ್ಯಾಯ ಕಾಯ್ದೆಯು ವಿಧಿಸಿರುವ ಸಮಿತಿಯೇ ಆ ತಾಯಿಯ ಸ್ಥಾನದಲ್ಲಿ ನಿಲ್ಲಬೇಕೆಂಬುದು ನನ್ನ ಅಭಿಮತ. ಕಾಣೆಯಾದವನ ಕಡತವು ಅವನು ದೊರಕುವ ತನಕ ಪ್ರತಿಯೊಂದು ಬೈಠಕ್ಕಿನಲ್ಲಿಯೂ ಮೇಜಿನ ಮೇಲಿರಲಿ. ತನಿಖಾಧಿಕಾರಿಯು ಆ ಮೇಜಿನೆದುರು ಬಂದು, ಆ ವಾರ ಎಲ್ಲೆಲ್ಲಿ ಹುಡುಕಿದೆನೆಂಬುದನ್ನು ಬಾಯಿಬಿಟ್ಟು ಹೇಳಲಿ. ಹುಡುಗ ಸಿಕ್ಕಿದನೆಂದು ಷರಾ ಬರೆದು ಅದೇ ಕೊಠಡಿಗೆ ಅವನನ್ನು ಮರಳಿ ದೂಡುವುದಂತೂ ಸಲ್ಲದು. ಏಕೆ ಹೋದೆಯಪ್ಪ ಎಂದು ಬಾಲಮಂದಿರದವರಾರೂ ಇಲ್ಲದ ವೇಳೆಯಲ್ಲಿ ಕೇಳಿ, ಉತ್ತರವನ್ನು ಅವನ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ದೊಡ್ಡ ಹುಡುಗರ ಹೊಡೆತ, ಕಾವಲುಗಾರನ ಕಾಟ ಎಂಬ ಉತ್ತರ ಬಂದಲ್ಲಿ, ಮುಂದಿನ ವಿಚಾರಣೆಯನ್ನು ಆ ಬಾಲಮಂದಿರದ ಮೇಲೆಯೇ ನಡೆಸಬೇಕು.