ಪ್ರಬಂಧದ ವಿಷಯ ತಿಕೋಟಾದಲ್ಲಿದೆ

ಮಾನ್ಯ ಎಂ. ಬಿ. ಪಾಟೀಲರಿಗೆ,

ಈ ಪತ್ರ ಬಬಲೇಶ್ವರದ ಶಾಸಕರಿಗೂ ಹೌದು, ವೈದ್ಯಕೀಯ ಕಾಲೇಜು ನಡೆಸುವ ಬಿ.ಎಲ್.ಡಿ.ಇ. ಸಂಸ್ಥೆಯ ಅಧ್ಯಕ್ಷರಿಗೂ ಹೌದು. ಎರಡೂ ನೀವೇ ಆದ್ದರಿಂದ ಒಂದೇ ಅಂಚೆಚೀಟಿ ಸಾಕಾಯಿತು.

ನೀವು ಜಲಸಂಪನ್ಮೂಲ ಸಚಿವರಾಗಿದ್ದಾಗ ಕೈಗೆತ್ತಿಕೊಂಡ ತುಬಚಿ-ಬಬಲೇಶ್ವರ ಏತ ನೀರಾವರಿಯ ಬಗ್ಗೆ ಹೊಗಳಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ಹೊಲದಲ್ಲಿ ದುಡಿಯುವವರ ಕಣ್ಣಿನ ಮಾತು. ಕಬ್ಬಿನ ಗರಿ ಕಣ್ಣಿಗೆ ಗೀರುತ್ತದೆ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಸವರುವ ವೇಳೆ ಕಡ್ಡಿ ಸಿಡಿಯುತ್ತದೆ. ಅದರ ಬೆನ್ನಿಗೇ ಮೊಗ್ಗೊಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ಕಣ್ಣಿಗೆ ತಾಗಿದರೆ ಸುಡುತ್ತದೆ. ಗೀರಿದಲ್ಲಿ ಶಿಲೀಂಧ್ರ ಸೇರಿದರೆ ಹುಣ್ಣು. ಔಷಧ ಅಂಗಡಿಯವ ಕೊಟ್ಟ ಸ್ಟೀರಾಯ್ಡ್ ಹನಿಯಿಂದ ಕೆಂಪು ಇಳಿಯುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಆಮೇಲೆ ಕಣ್ಣಲ್ಲಿ ಹೂ ಬಿತ್ತೆಂದು ಆಸ್ಪತ್ರೆಗೆ ಬರುತ್ತಾರೆ.

ನೇಪಾಳದ ಭಕ್ತಪುರದಲ್ಲಿ ಊರಿನ ಕಣ್ಣಿನ ಕಾರ್ಯಕರ್ತರು ಕಣ್ಣು ಗೀರಿದವರನ್ನು ಹತ್ತಿರದ ಕೇಂದ್ರಕ್ಕೆ ಕಳುಹಿಸಿದರು, ಅಲ್ಲಿ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಕೊಟ್ಟರು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ದುಬಾರಿ ಯಂತ್ರವೇನೂ ಬೇಕಾಗಿರಲಿಲ್ಲ. ನಮ್ಮ ತೋಟಗಳಲ್ಲಿ ಈ ಉಪಾಯ ನಡೆಯುತ್ತದೆಯೇ, ನಮ್ಮಲ್ಲಿ ಯಾವ ಶಿಲೀಂಧ್ರ ಹೆಚ್ಚು, ಯಾವ ತಿಂಗಳಲ್ಲಿ?

ಇವು ಸ್ನಾತಕೋತ್ತರ ಪ್ರಬಂಧಕ್ಕೆ ತಕ್ಕ ಪ್ರಶ್ನೆಗಳು. ಪ್ರಬಂಧ ಒಪ್ಪಿಸದೆ ಯಾರೂ ನೇತ್ರವಿಜ್ಞಾನದ ಎಂ.ಎಸ್. ಪರೀಕ್ಷೆಗೆ ಕೂರುವಂತಿಲ್ಲ. ನಾಡಿನ ಯಾವುದೇ ಕಾಲೇಜಿನಲ್ಲಾಗಲಿ, ವಾರ್ಡಿಗೆ ಬಂದವರನ್ನಷ್ಟೇ ಎಣಿಸಿ ಬರೆಯುವುದು ಸುಲಭದ ದಾರಿ, ದಿನವಿಡೀ ಒ.ಪಿ.ಡಿ. ನೋಡುವ ಹುಡುಗ-ಹುಡುಗಿಯರನ್ನು ಅದಕ್ಕಾಗಿ ನಾನು ದೂರಲಾರೆ. ವಾಹನವಿಲ್ಲದೆ, ಬಿಡುವಿಲ್ಲದೆ ಅವರು ಹೊಲಕ್ಕೆ ಹೋಗುವುದಾದರೂ ಹೇಗೆ?

ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಪೊರೆ ತೆಗೆದರು. ಶಿಬಿರದ ಆ ಪರಂಪರೆ ದೊಡ್ಡದು. ಆದರೆ ಶಿಬಿರ ಕೆಲವೇ ದಿನದ್ದು. ಹುಣ್ಣಿನ ಲೆಕ್ಕ ಸಿಗಬೇಕಾದರೆ ವರ್ಷವಿಡೀ ಅಲ್ಲೇ ಇರಬೇಕು.

ಕೇಳುವುದು ಇಷ್ಟು. ತಿಕೋಟಾ, ಬಬಲೇಶ್ವರಗಳಲ್ಲಿ ಒಂದೊಂದು ಕೋಣೆ, ಸ್ಲಿಟ್ ಲ್ಯಾಂಪ್, ಸೂಕ್ಷ್ಮದರ್ಶಕ. ಹುಣ್ಣು ಕೆರೆದು ಕೆ.ಒ.ಎಚ್. ಹನಿ ಹಾಕಿ ನೋಡಿದರೆ ಶಿಲೀಂಧ್ರ ಅಲ್ಲೇ ಕಾಣುತ್ತದೆ. ಸರದಿಯ ಮೇಲೆ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ, ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಒಂದೇ ದಾಖಲೆ ಪುಸ್ತಕ. ಒಬ್ಬರ ಪ್ರಬಂಧ ಮುಗಿದಾಗ ಮುಂದಿನ ತಂಡ ಅದೇ ಪುಸ್ತಕದಿಂದ ಮುಂದುವರಿಸಲಿ.

ನೈತಿಕ ಸಮಿತಿಯ ಒಪ್ಪಿಗೆಗೆ ಕೆಲವು ತಿಂಗಳಾದರೂ ಹಿಡಿಯುತ್ತದೆ. ಚಾಟನಿಗೆ ಮೊದಲು ಶುರುವಾಗಬೇಕೆಂದರೆ ನೇತ್ರ ವಿಭಾಗದವರನ್ನು ಈ ತಿಂಗಳೇ ಕರೆಸಿ ಮಾತನಾಡಿ.

ಇತಿ,
ನಿಮ್ಮ ಜಿಲ್ಲೆಯ ಒಬ್ಬ ಕಣ್ಣಿನ ಡಾಕ್ಟರು