ಇಬ್ಬರ ಅಂಗಡಿ

ಇಬ್ಬರು ಕೂಡಿ ವ್ಯಾಪಾರ ಹೂಡಿದರೆ ಮೂರನೆಯ ವರ್ಷಕ್ಕೆ ಲೆಕ್ಕದ ಜಗಳ, ಐದನೆಯ ವರ್ಷಕ್ಕೆ ಬೇರೆ ಬೇರೆ ಬೋರ್ಡು. ಇದು ನಾವು ನೀವು ಕಂಡ ಲೋಕರೂಢಿ. ಸಂಗೀತಗಾರರ ವಿಷಯವನ್ನಂತೂ ಕೇಳುವುದೇ ಬೇಡ. ಹೀಗಿರುವಾಗ, 1981ರಲ್ಲಿ ಜೊತೆಯಾದ ಇಂಗ್ಲೆಂಡಿನ ಇಬ್ಬರು ನಾಲ್ವತ್ತು ವರ್ಷ ದಾಟಿದ ಮೇಲೂ ಒಂದೇ ಹೆಸರಿನಲ್ಲಿ ಹಾಡು ಕಟ್ಟುತ್ತಿರುವರೆಂದರೆ ಅವರ ಕಥೆಯನ್ನು ಕೇಳತಕ್ಕದ್ದೇ. ಈ ಜೋಡಿಯ ಹೆಸರು ‘ಪೆಟ್ ಷಾಪ್ ಬಾಯ್ಸ್’. ಸಾಕುಪ್ರಾಣಿಯ ಅಂಗಡಿಯ ಹುಡುಗರು ಎಂದು ಅರ್ಥ. ಮನೆಯ ಹಿರಿಯರು “ಇದೊಂದು ಕಿವಿ ತೂತು ಬೀಳುವ ಗದ್ದಲ” ಎಂದು ಪುಟ ಮಗುಚದಿರಲಿ. ಇದರಲ್ಲಿ ಅವರಿಗೂ ಸಲ್ಲುವ ಮಾತಿದೆ.

ನೀಲ್ ಟೆನಂಟ್ ಹುಟ್ಟಿದ್ದು 1954ರಲ್ಲಿ, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ನಾರ್ತ್ ಶೀಲ್ಡ್ಸ್ ಎಂಬಲ್ಲಿ. ಕ್ರಿಸ್ ಲೋ ಅವರಿಗಿಂತ ಐದು ವರ್ಷ ಕಿರಿಯರು, ಬ್ಲ್ಯಾಕ್‌ಪೂಲಿನವರು. ಒಬ್ಬರು ಇತಿಹಾಸ ಓದಿ ಪುಸ್ತಕ ಪ್ರಕಾಶನದ ಕೆಲಸ ಹಿಡಿದಿದ್ದರು, ಇನ್ನೊಬ್ಬರು ವಾಸ್ತುಶಿಲ್ಪದ ವಿದ್ಯಾರ್ಥಿ. ಲಂಡನ್ ಇಬ್ಬರಿಗೂ ಪರಸ್ಥಳವೇ. ಊರು ಬಿಟ್ಟು ಬಂದವನಿಗೆ ಸ್ನೇಹಿತ ಎಲ್ಲಿ ಗಂಟುಬೀಳುತ್ತಾನೆಂದು ಹೇಳಬರುವುದಿಲ್ಲ. ನಮಗೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಸಿಕ್ಕಿದ ಹಾಗೆ ಇವರಿಗೆ ಕಿಂಗ್ಸ್ ರೋಡಿನ ಒಂದು ವಿದ್ಯುತ್ ಉಪಕರಣಗಳ ಅಂಗಡಿಯಲ್ಲಿ ಭೇಟಿಯಾಯಿತು. ಅಂದು 1981ರ ಆಗಸ್ಟ್ 19. ಹೆಸರಿಗೆ ಕಾರಣ ಮಾತ್ರ ಬೇರೆ ಅಂಗಡಿ: ಈಲಿಂಗ್ ಬಡಾವಣೆಯಲ್ಲಿ ಅವರ ಸ್ನೇಹಿತರು ಕೆಲಸ ಮಾಡುತ್ತಿದ್ದ ಸಾಕುಪ್ರಾಣಿಗಳ ಅಂಗಡಿ.

1982ರಲ್ಲಿ ಟೆನಂಟ್ ‘ಸ್ಮ್ಯಾಶ್ ಹಿಟ್ಸ್’ ಎಂಬ ಸಂಗೀತ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರಾದರು. ಹಗಲು ಬೇರೆಯವರ ಹಾಡಿನ ವಿಮರ್ಶೆ, ಬಿಡುವಿನಲ್ಲಿ ಸ್ವಂತ ಹಾಡಿನ ಕಸುಬು. ಮರುವರ್ಷ ‘ಪೊಲೀಸ್’ ತಂಡದವರನ್ನು (ಠಾಣೆಯವರಲ್ಲ, ವಾದ್ಯದವರು) ಕಂಡುಬರುವಂತೆ ಪತ್ರಿಕೆ ಅವರನ್ನು ನ್ಯೂಯಾರ್ಕಿಗೆ ಕಳಿಸಿತು. ಕಳಿಸಿದವರ ಕೆಲಸದೊಡನೆ ತಮ್ಮದೂ ಒಂದು ಕೆಲಸವಾಗಲೆಂದು, ತಾವು ಬಹುವಾಗಿ ಮೆಚ್ಚಿದ್ದ ಬಾಬಿ ಓರ್ಲಾಂಡೋ ಎಂಬ ರಿಕಾರ್ಡು ನಿರ್ಮಾಪಕರನ್ನು ಅವರು ಊಟಕ್ಕೆ ಕೂಡಿಕೊಂಡರು. ಅದೂ ಆಗಸ್ಟ್ 19ರಂದೇ. ಜೊತೆಯಾಗಿ ಸರಿಯಾಗಿ ಎರಡು ವರ್ಷ! ಪಂಚಾಂಗ ನೋಡುವವರು ಬೇಕಾದ ಅರ್ಥ ಹಚ್ಚಿಕೊಳ್ಳಬಹುದು. ಓರ್ಲಾಂಡೋ ಮುದ್ರಿಸಿದ ‘ವೆಸ್ಟ್ ಎಂಡ್ ಗರ್ಲ್ಸ್’ 1984ರಲ್ಲಿ ಹೊರಬಂದು ಅಮೆರಿಕದ ಕೆಲವು ನೃತ್ಯಶಾಲೆಗಳಲ್ಲಿ ಓಡಿತು. ಸ್ವದೇಶದಲ್ಲಿ ಕೇಳಿದವರು ಕಡಿಮೆ. ಆ ಕರಾರಿನಿಂದ ಬಿಡಿಸಿಕೊಳ್ಳಲು ಮುಂದಿನ ಗಳಿಕೆಯಲ್ಲಿ ಪಾಲು ಬರೆದುಕೊಡಬೇಕಾಯಿತು.

1985ರಲ್ಲಿ ಪಾರ್ಲೋಫೋನ್ ಕಂಪೆನಿ ಇವರನ್ನು ಸೇರಿಸಿಕೊಂಡಿತು. ಟೆನಂಟ್ ತಿಂಗಳ ಸಂಬಳದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ವಯಸ್ಸು ಮೂವತ್ತು ತುಂಬಿತ್ತು. ಇಂಥ ಹಾಡುಗಾರಿಕೆಗೆ ಅದು ಮುದಿ ವಯಸ್ಸು. ಹೊಸ ಕಂಪೆನಿಯ ಮೊದಲ ರಿಕಾರ್ಡು ‘ಆಪರ್ಚುನಿಟೀಸ್’ ಹೊರಬಂದಿತು, ಮೊದಲ ನೂರರ ಪಟ್ಟಿಯೊಳಕ್ಕೂ ಕಾಲಿಡಲಿಲ್ಲ. ಪಿಂಚಣಿ, ಇಂಕ್ರಿಮೆಂಟು, ರಜೆಯ ಲೆಕ್ಕಗಳನ್ನು ನೆಚ್ಚಿಕೊಂಡ ನಮ್ಮಂಥ ಗುಮಾಸ್ತೆಗಳಿಗೆ ಕಥೆಯ ಈ ಘಟ್ಟದಲ್ಲಿ ಎದೆ ಢವಗುಟ್ಟುತ್ತದೆ. ಅವರೋ, ಸೋತ ಹಳೆಯ ಹಾಡನ್ನೇ ಹೊರತೆಗೆದು, ಸ್ಟೀಫನ್ ಹೇಗ್ ಎಂಬವರ ಕೈಯಲ್ಲಿ ಮತ್ತೆ ಮುದ್ರಿಸಿದರು. ಅಕ್ಟೋಬರಿನಲ್ಲಿ ಹೊರಟ ಅದು ಮೆಲ್ಲಮೆಲ್ಲನೆ ಮೇಲೇರಿ 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲೂ ಮೇ ತಿಂಗಳಲ್ಲಿ ಅಮೆರಿಕದಲ್ಲೂ ಮೊದಲನೆಯ ಸ್ಥಾನಕ್ಕೆ ಬಂದಿತು. ಲಂಡನ್ನಿನ ಪಶ್ಚಿಮದ ಸಿರಿವಂತ ಬೀದಿಗಳಿಗೂ ಪೂರ್ವದ ದುಡಿಮೆಗಾರರ ಕೇರಿಗೂ ನಡುವಣ ಹಾಡದು. ಅರ್ಧ ಮಾತು, ಅರ್ಧ ಗಾನ. ಒಂದೇ ರಚನೆಯಲ್ಲಿ ನಾನಾ ಕಂಠಗಳು ಮಾತಾಡುವ ಈ ರೀತಿಗೆ ಎಲಿಯಟ್ ಕವಿಯ ‘ದಿ ವೇಸ್ಟ್ ಲ್ಯಾಂಡ್’ ಪ್ರೇರಣೆಯೆಂದು ಟೆನಂಟ್ ಹೇಳಿದ್ದಾರೆ. ಬಿ.ಎ. ತರಗತಿಯಲ್ಲಿ ಅದನ್ನು ಉರುಹೊಡೆದವರಿಗೆ ಈ ಸಂಗತಿ ತಮಾಷೆಯಾಗಿ ಕಂಡೀತು.

ಇಷ್ಟೇ ಆಗಿದ್ದರೆ ಇವರನ್ನು ಕುರಿತು ಬರೆಯುವ ಮನಸ್ಸು ನಮಗೆ ಬರುತ್ತಿರಲಿಲ್ಲ. ಗೆದ್ದ ಮೇಲೆ ಇವರು ಯಾರನ್ನು ಹತ್ತಿರ ಕರೆದರು ಎಂಬುದು ದೊಡ್ಡದು. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬಾಕೆ 1960ರ ದಶಕದಲ್ಲಿ ಇಂಗ್ಲೆಂಡನ್ನೆಲ್ಲ ಮೋಹಗೊಳಿಸಿದ ಗಾಯಕಿ. 1980ರ ಹೊತ್ತಿಗೆ ಅಮೆರಿಕದಲ್ಲಿ ನೆಲಸಿದ್ದರು, ಕೇಳುವವರು ಕಡಿಮೆಯಾಗಿದ್ದರು. ಈ ಜೋಡಿ ತಮ್ಮ ಮೊದಲನೆಯ ಸಂಪುಟಕ್ಕೇ ಆಕೆಯ ಕಂಠ ಬೇಕೆಂದು ಆಸೆಪಟ್ಟಿತ್ತು; ಆಗ ಕೈಗೂಡಲಿಲ್ಲ. ಅದಕ್ಕಾಗಿ ಅವರು ಬೇರೊಬ್ಬ ಎಳೆಯ ಹೆಣ್ಣುಮಗಳಿಂದ ಹಾಡಿಸಿ ಕೈತೊಳೆದುಕೊಳ್ಳದೆ ಕಾದರು. 1987ರಲ್ಲಿ ‘ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್?’ ಎಂಬ ಹಾಡು ಎರಡು ಹೆಸರುಗಳನ್ನೂ ಹೊತ್ತು ಬಂದು ಬ್ರಿಟನ್, ಅಮೆರಿಕ ಎರಡೂ ಕಡೆ ಎರಡನೆಯ ಸ್ಥಾನಕ್ಕೇರಿತು. ನಲವತ್ತೆಂಟು ವರ್ಷದ ಆಕೆಯ ಧ್ವನಿ ಯಂತ್ರವಾದ್ಯಗಳ ಚೌಕಟ್ಟಿನ ನಡುವೆ ಏಳುವಾಗ, ಬೀಗ ಹಾಕಿದ ಮನೆಯಲ್ಲಿ ದೀಪ ಹಚ್ಚಿದಂತಾಗುತ್ತದೆ. ಬಳಿಕ 1989ರ ‘ಸ್ಕ್ಯಾಂಡಲ್’ ಚಿತ್ರಕ್ಕೆ ಒಂದು ಹಾಡು, 1990ರಲ್ಲಿ ‘ರೆಪ್ಯುಟೇಷನ್’ ಸಂಪುಟದ ಹಲವು ಹಾಡುಗಳು. ಹೀಗೆ ಆಕೆಗಾಗಿ ದುಡಿದರು. ಡಸ್ಟಿ 1999ರಲ್ಲಿ ತೀರಿಕೊಂಡರು. ಹಿರಿಯ ಕಲಾವಿದರನ್ನು ಶಾಲು ಹೊದಿಸಿ ವೇದಿಕೆಯ ಮೂಲೆಯಲ್ಲಿ ಕೂರಿಸುವುದು ಸುಲಭ. ಅವರ ಕೈಯಲ್ಲಿ ಕೆಲಸ ಮಾಡಿಸಿ ಕೂಲಿ ಕೊಡುವುದು ಬೇರೆಯ ಮರ್ಯಾದೆ. ನಮ್ಮ ಸಂಘದ ವಾರ್ಷಿಕೋತ್ಸವದ ವ್ಯವಸ್ಥಾಪಕರು ಇದನ್ನು ಓದಿದರೆ ಸಂತೋಷ.

ಲೈಜಾ ಮಿನೆಲ್ಲಿಗೆ ಇಡೀ ಸಂಪುಟವನ್ನೇ (1989) ಕಟ್ಟಿಕೊಟ್ಟರು. ಡೇವಿಡ್ ಬೋವಿಯ ‘ಹಲೋ ಸ್ಪೇಸ್‌ಬಾಯ್’ ಹಾಡಿಗೆ 1996ರಲ್ಲಿ ಹೊಸ ರೂಪ ಕೊಟ್ಟರು. ಎಲ್ಲವೂ ಗೆದ್ದಿತೆಂದಲ್ಲ: 2001ರ ಅವರ ಸಂಗೀತ ನಾಟಕ ‘ಕ್ಲೋಸರ್ ಟು ಹೆವನ್’ ಕೆಲವೇ ತಿಂಗಳು ಓಡಿತು. ಆದರೆ 2004ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಐಸೆನ್‌ಸ್ಟೈನನ ‘ಬ್ಯಾಟಲ್‌ಷಿಪ್ ಪೊಟೆಮ್‌ಕಿನ್’ (1925) ತೋರಿಸಿ, ಡ್ರೆಸ್ಡೆನ್ನಿನ ವಾದ್ಯವೃಂದದೊಡನೆ ತಾವೇ ರಚಿಸಿದ ಸಂಗೀತವನ್ನು ಬಯಲಿನಲ್ಲಿ ನುಡಿಸಿದ್ದು ಬಹಳ ದೊಡ್ಡ ಸಾಹಸ. ಮೂಕಿ ಚಿತ್ರದ ಪರದೆಯ ಬಳಿ ಕುಳಿತು ವಾದ್ಯ ನುಡಿಸುತ್ತಿದ್ದ ಕಾಲದ ಮಾತು ಕೇಳಿ ಬೆಳೆದವರಿಗೆ ಇದರ ಸೊಗಸು ಬೇಗ ಹತ್ತುತ್ತದೆ.

ಇನ್ನೊಂದು, ತೂಕದ್ದು. ಗಣಕಯಂತ್ರ ವಿಜ್ಞಾನದ ಮೂಲಪುರುಷರಲ್ಲಿ ಒಬ್ಬರಾದ ಅಲನ್ ಟ್ಯೂರಿಂಗರಿಗೆ ಸಲಿಂಗ ಸಂಬಂಧದ ಕಾರಣಕ್ಕಾಗಿ 1952ರಲ್ಲಿ ಶಿಕ್ಷೆಯಾಯಿತು. 1954ರಲ್ಲಿ ಅವರು ಸತ್ತರು. ರಾಜಕ್ಷಮೆ ಬಂದದ್ದು 2013ರಲ್ಲಿ. ಅವರ ಬಾಳನ್ನು ಕುರಿತ ‘ಎ ಮ್ಯಾನ್ ಫ್ರಮ್ ದಿ ಫ್ಯೂಚರ್’ ಕೃತಿಯನ್ನು ಈ ಜೋಡಿ 2014ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಾದ್ಯವೃಂದದೊಡನೆ ಪ್ರಸ್ತುತಪಡಿಸಿತು. ತಾವೂ ಸಲಿಂಗಾನುರಾಗಿಯೆಂದು ಟೆನಂಟ್ 1994ರಲ್ಲೇ ಪತ್ರಿಕೆಗೆ ಬಹಿರಂಗವಾಗಿ ಹೇಳಿದ್ದರು. ಆ ಕೃತಿಯಲ್ಲಿ ಅವರ ಮನಸ್ಸು ಎಷ್ಟು ಬೆರೆತಿತ್ತೆಂದು ಇದರಿಂದ ಊಹಿಸಬಹುದು.

ವೇದಿಕೆಯ ಮೇಲೆ ಟೆನಂಟ್ ಹಾಡುತ್ತಾರೆ. ಲೋ ಟೋಪಿ, ಕಪ್ಪು ಕನ್ನಡಕ ಹಾಕಿ ಮಣೆವಾದ್ಯದ ಹಿಂದೆ ನಗದೆ, ಕದಲದೆ ನಿಂತಿರುತ್ತಾರೆ. ಹಾಡಿನ ಕೆಳಗೆ ಹೆಸರುಗಳು ಮಾತ್ರ ಎರಡೂ ಇರುತ್ತವೆ. ಕಛೇರಿಯಲ್ಲಿ ಒಂದೇ ಟಿಪ್ಪಣಿಗೆ ಇಬ್ಬರು ಸಹಿ ಹಾಕಬೇಕಾದರೆ ನಡೆಯುವ ರಾದ್ಧಾಂತ ಬಲ್ಲವರು ಇದನ್ನು ಮೆಚ್ಚಿಯಾರು. 2024ರ ಏಪ್ರಿಲಿನಲ್ಲಿ ಅವರ ‘ನನ್‌ದಿಲೆಸ್’ ಬಂದಾಗ ಟೆನಂಟರಿಗೆ ಎಪ್ಪತ್ತು ತುಂಬಲು ಸುಮಾರು ಎರಡೂವರೆ ತಿಂಗಳಿತ್ತು. ಅದು ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಕೇಳಬೇಕೆನ್ನುವವರು ಡಸ್ಟಿಯ ಹಾಡಿನಿಂದ ತೊಡಗಲಿ. ‘ವೆಸ್ಟ್ ಎಂಡ್ ಗರ್ಲ್ಸ್’ ಆಮೇಲೆ ಕೇಳಿದರಾಯಿತು. ಮನೆಯ ಮಕ್ಕಳಿಗೆ ಹೇಳಿದರೆ ಎರಡನ್ನೂ ಹುಡುಕಿ ಹಾಕಿಕೊಡುತ್ತಾರೆ.