ಹುಳಕ್ಕೆ ಬಲೆ, ಮಕ್ಕಳಿಗೆ ಸೊಳ್ಳೆ!

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳು ಮನೆಗಳ ಕಿಟಕಿ ನೋಡಿ. ಊಜಿ ನೊಣ ಬರಬಾರದೆಂದು ನೈಲಾನ್ ಬಲೆ ಹೊಡೆದಿರುತ್ತೇವೆ. ಪಕ್ಕದಲ್ಲೇ ಮಕ್ಕಳು ಮಲಗುವ ಮನೆಯ ಕಿಟಕಿಗೆ ಏನೂ ಇಲ್ಲ. ಹುಳ ಜ್ವರಕ್ಕೆ ಕೂತದ್ದು ಕೂಡಲೇ ಗೊತ್ತಾಗುತ್ತೆ. ಮಗುವಿನ ಜ್ವರ ಎಲ್ಲಿಂದ ಬಂತು ಅಂತ ಯೋಚಿಸುವುದಿಲ್ಲ.

2023ರ ಆಗಸ್ಟಿನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜೀಕಾ ವೈರಸ್ ಪತ್ತೆಯಾಯಿತು. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಯೇ ಜೀಕಾವನ್ನೂ ಹರಡುವುದು. ಇದು ಕಚ್ಚುವುದು ಹಗಲಲ್ಲಿ. ಮೊಟ್ಟೆ ಇಡುವುದು ನಾವು ಕೂಡಿಟ್ಟ ಒಳ್ಳೆ ನೀರಲ್ಲಿ.

ಸೊಳ್ಳೆ ಹೆಚ್ಚಿದರೆ ‘ಪಂಚಾಯ್ತಿಯೋರು ಹೊಗೆ ಹೊಡೀಲಿ’ ಅಂತೀವಿ. ಆ ಹೊಗೆಯಲ್ಲಿರುವುದು ಕೀಟನಾಶಕ. ಸೊಳ್ಳೆ ಬತ್ತಿಯಲ್ಲೂ ಅಷ್ಟೆ. ರೇಷ್ಮೆ ಹುಳವೂ ಕೀಟವೇ ತಾನೆ? ಸೊಪ್ಪಿಗೆ ತಾಕಿದರೂ ಬೆಳೆ ಹೋದಂತೆ.

ಹಾಗಾಗಿ ರೇಷ್ಮೆಯವರಿಗೆ ಒಳ್ಳೆ ದಾರಿ, ಸೊಳ್ಳೆ ಹುಟ್ಟದಂತೆ ಮಾಡುವುದು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ 8-10 ದಿನ ಬೇಕು. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ, ಒಳಗೋಡೆ ತಿಕ್ಕಿ, ಒಣಗಿಸಿ, ನೀರು ತುಂಬಿ ಮುಚ್ಚಿಡಿ. ತಿಕ್ಕದಿದ್ದರೆ ಗೋಡೆಗಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗಿಟ್ಟ ನೀರಿನ ಬಟ್ಟಲನ್ನೂ ಮರೀಬೇಡಿ. ‘ನೀರೇ ಇಲ್ಲದ ಊರಲ್ಲಿ ಚೆಲ್ಲೋದಾ?’ ಅನ್ನಬೇಡಿ. ಗಿಡದ ಬುಡಕ್ಕೆ ಹಾಕಿದರೆ ದಂಡವಾಗದು.

ಮುಂದಿನ ಸಲ ಹುಳು ಮನೆಗೆ ಬಲೆ ತರುವಾಗ, ಸೊಳ್ಳೆ ತೂರದ ಸಣ್ಣ ಕಣ್ಣಿನದ್ದು ನಾಲ್ಕು ಗಜ ನಮ್ಮ ಮನೆಗೂ ತರೋಣ. ಗೂಡು ಮಾರಿದ ದುಡ್ಡು ಆಸ್ಪತ್ರೆಗೆ ಸುರಿಯುವುದು ತಪ್ಪೀತು.